ಉಳಿಸಿ, ಅಳಿಸಿ ಮತ್ತು ದೊಡ್ಡವ್ವನ ತಂಬಿಗೆ

ಅಟ್ಟ ಸ್ವಚ್ಛ ಮಾಡುವುದೆಂದರೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿ, ಒಂದೊಂದನ್ನೂ ತಿರುಗಿಸಿ ನೋಡಿ, 'ಇರಲಿ, ಯಾವುದಕ್ಕಾದರೂ ಬಂದೀತು' ಎಂದು ಮತ್ತೆ ಮೇಲಕ್ಕೇರಿಸುವುದು. ಈ ಸಲವೂ ಹಾಗೇ ಆಯಿತು. ಮುರಿದ ಕೊಡೆ ಮೇಲೆ ಹೋಯಿತು, ಕಾಲಿಲ್ಲದ ಸ್ಟೂಲು ಮೇಲೆ ಹೋಯಿತು. ಕಂಠದ ಹತ್ತಿರ ನಗ್ಗಿದ ಒಂದು ಹಿತ್ತಾಳೆಯ ತಂಬಿಗೆ ಮಾತ್ರ ಕೆಳಗೇ ಉಳಿಯಿತು. ಅದು ನಮ್ಮ ದೊಡ್ಡವ್ವನದು.

ದೊಡ್ಡವ್ವ ಎಂದರೆ ಅವ್ವನ ಅಕ್ಕ, ರೋಣದ ಗೌರವ್ವ. ನಮ್ಮ ಬಳಗದಲ್ಲಿ ಯಾವ ಹುಡುಗಿಗೆ ಗಂಡು ಗೊತ್ತಾಗಬೇಕಾದರೂ ಮೊದಲು ದೊಡ್ಡವ್ವ ತಂಬಿಗೆ ಹಿಡಿದು ಹೊರಡಬೇಕಿತ್ತು. ಅಪಾರ್ಥ ಮಾಡಿಕೊಳ್ಳಬೇಡಿ, ಆಕೆ ಹೊರಡುತ್ತಿದ್ದುದು ವರನ ಊರಿಗೆ, ವಿಚಾರಣೆಗೆ. ಹುಡುಗ ಎಂಥವನು, ಮನೆತನ ಎಂಥದು, ಅತ್ತೆಯಾಗುವವಳ ಬಾಯಿ ಎಷ್ಟು ದೊಡ್ಡದು, ಎಲ್ಲವನ್ನೂ ತಿಳಿದುಕೊಂಡು ಬರಬೇಕು. ಆದರೆ ವರನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಊರ ಹೊರಗೆ ಬಸ್ಸಿಳಿದು, ಗಿರಣಿಯ ಮುಂದೆಯೋ ಬಾವಿಯ ಹತ್ತಿರವೋ ನಿಂತು, ಖಾಲಿ ತಂಬಿಗೆಯನ್ನು ಮುಂದೆ ಚಾಚಿ, "ಯವ್ವಾ, ಕೂಸಿಗೆ ನೀರಡಿಕಿ ಆಗೇತಿ" ಎನ್ನುತ್ತಿದ್ದಳು.

ಆ ಕೂಸು ನಾನು. ನನಗೆ ನೀರಡಿಕೆ ಆಗಿರಲಿ ಬಿಡಲಿ, ಕುಡಿಯಲೇಬೇಕು. ಮುಖ ಬಾಡಿದಂತೆ ಕಾಣಲೆಂದು ಮೊದಲೇ ತೊಡೆ ಚಿವುಟಿರುತ್ತಿದ್ದಳು. ಒಂದು ಮನೆಯ ನೀರು ಕುಡಿಯುವಷ್ಟರಲ್ಲಿ ಹುಡುಗನ ಓದು ಗೊತ್ತಾಗುತ್ತಿತ್ತು, ಇನ್ನೊಂದು ಮನೆಯ ನೀರಿಗೆ ಅವನ ಇಸ್ಪೀಟಿನ ಚಟ. ನನ್ನ ಹೊಟ್ಟೆ ಉಬ್ಬಿದಷ್ಟೂ ವರನ ಚರಿತ್ರೆ ಬೆಳೆಯುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ.

ದೊಡ್ಡವ್ವನಿಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಕಾಯಿದೆ ಮಾತ್ರ ಬಿಗಿ. "ಬೀಗರನ್ನ ಕೇಳಬ್ಯಾಡ, ಅವರು ಹೊಗಳ್ತಾರ. ಜಗಳ ಆಡಿದವರನ್ನ ಕೇಳಬ್ಯಾಡ, ಅವರು ಬೈತಾರ. ಕೊಡೂದೂ ಇಲ್ಲ, ತೊಗೊಳೂದೂ ಇಲ್ಲ ಅನ್ನೂವಂಥವರನ್ನ ಕೇಳು. ಮತ್ತ ಯಾರ ಮನಿಯಾಗ ಚಹಾ ಕುಡದಿ, ಅವರ ಮಾತು ಲೆಕ್ಕಕ್ಕ ಹಿಡಿಬ್ಯಾಡ. ನೀರಿಗೆ ಅಡ್ಡಿ ಇಲ್ಲ."

ನನ್ನ ಗಂಡನನ್ನೂ ಆಕೆ ಹೀಗೇ ಪಾಸು ಮಾಡಿದ್ದಳು. ಮೆಣಸಗಿಗೆ ಹೋಗಿ, ಹೊಳೆದಂಡೆಯ ಮಂದಿಯನ್ನೆಲ್ಲ ವಿಚಾರಿಸಿ ಬಂದು, "ಹುಡುಗ ಚಿನ್ನದಂಥಾವ" ಎಂದು ಸಾರಿದಳು. ಚಿನ್ನ ಗೊರಕೆ ಹೊಡೆಯುತ್ತದೆ ಎಂದು ಹೇಳುವ ಸಾಕ್ಷಿ ಮಾತ್ರ ಅಲ್ಲಿ ಸಿಕ್ಕಿರಲಿಲ್ಲ. ಇರಲಿ, ಮನುಷ್ಯ ಒಳ್ಳೆಯವರೇ.

ಇನ್ನು ನನ್ನ ವಿಷಯ. ನರಗುಂದದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದೆ. ನಿವೃತ್ತರಾದವರು ಯೋಗ ಮಾಡುತ್ತಾರೆ, ಭಜನೆಗೆ ಸೇರುತ್ತಾರೆ, ಇಲ್ಲವೇ ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ನನಗೆ ಸೊಸೆ ಇಲ್ಲ. ಹೀಗಾಗಿ ಇಡೀ ಜಗತ್ತಿನ ತಪ್ಪು ಹುಡುಕೋಣವೆಂದು ಅಂತರ್ಜಾಲದ ವಿಶ್ವಕೋಶಕ್ಕೆ ಸೇರಿಕೊಂಡೆ. ಅಲ್ಲಿ ಯಾರು ಬೇಕಾದರೂ ಯಾವುದರ ಬಗ್ಗೆ ಬೇಕಾದರೂ ಲೇಖನ ಬರೆಯಬಹುದು. ಬರೆದದ್ದು ಉಳಿಯಬೇಕಾದರೆ ಮಾತ್ರ ಆ ವಿಷಯದ ಬಗ್ಗೆ ಸಂಬಂಧವಿಲ್ಲದ ಮೂರನೆಯವರು ಎಲ್ಲಾದರೂ ಬರೆದಿರಬೇಕು. ನಾನು ಬರೆದ ಮೊಟ್ಟಮೊದಲ ಲೇಖನ ನಮ್ಮೂರ ಬಸ್ ನಿಲ್ದಾಣದ ಎದುರಿನ ಮಿರ್ಚಿ ಗಾಡಿಯ ಮೇಲೆ. ಆಧಾರ ಕೊಡಿ ಎಂದರು. 'ಸ್ವಂತ ಅನುಭವ' ಎಂದು ಬರೆದೆ. ಮರುದಿನ ಲೇಖನ ಇರಲಿಲ್ಲ. ಅವತ್ತು ಸಿಟ್ಟಿಗೆ ಎರಡು ಮಿರ್ಚಿ ಹೆಚ್ಚಿಗೆ ತಿಂದೆ.

ಈಗ ಅದೇ ಅಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾವುದಾದರೂ ಲೇಖನದ ಮೇಲೆ ಯಾರಿಗಾದರೂ ಅನುಮಾನ ಬಂದರೆ ಅದರ ತಲೆಯ ಮೇಲೆ ಒಂದು ಕೆಂಪು ಫಲಕ ಹಚ್ಚುತ್ತಾರೆ. ಕೆಳಗೆ ಚರ್ಚೆ ನಡೆಯುತ್ತದೆ. ಬಂದವರು 'ಉಳಿಸಿ' ಎಂದೋ 'ಅಳಿಸಿ' ಎಂದೋ ಬರೆದು ಕಾರಣ ಕೊಡಬೇಕು. ಕೊನೆಗೆ ನಿರ್ವಾಹಕರೊಬ್ಬರು ಎಲ್ಲವನ್ನೂ ಓದಿ ತೀರ್ಮಾನ ಹೇಳುತ್ತಾರೆ. ಅಂಥ ನಿರ್ವಾಹಕರಲ್ಲಿ ನಾನೂ ಒಬ್ಬಳು. ಸಂಬಳ ಇಲ್ಲ, ಶಾಲು ಹೊದಿಸುವವರಿಲ್ಲ, ಬೈಗುಳ ಧಾರಾಳ.

ಹೀಗಿರುವಾಗ ಒಂದು ಮುಂಜಾನೆ ಶೇಖಪ್ಪ ಎನ್ನುವವರು ಕೊಣ್ಣೂರಿನಿಂದ ಬಂದರು. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ. ಕುರ್ಚಿಯ ತುದಿಗೆ ಕೂತು, "ಅಕ್ಕೋರ, ನೀವ ಕಾಪಾಡಬೇಕ್ರಿ" ಎಂದರು. ಶಾಲೆ ಬಿಟ್ಟರೂ ಅಕ್ಕೋರ ಎನ್ನುವ ಹೆಸರು ನನ್ನನ್ನು ಬಿಟ್ಟಿಲ್ಲ.

ಕತೆ ಇಷ್ಟು. ಶೇಖಪ್ಪನವರ ಅಕ್ಕನ ಮಗ ಮಾಂತೇಶ ಕೊಣ್ಣೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಜೊತೆಗೆ ಒಂದು ಜಾಲತಾಣ ಮಾಡಿದ್ದಾನೆ. ಮಲಪ್ರಭೆಗೆ ನೀರು ಬಂದಾಗ ಕೊಣ್ಣೂರ ಸೇತುವೆ ಮುಳುಗುವುದು ಈ ಕಡೆಯವರಿಗೆಲ್ಲ ಗೊತ್ತು. ಸೇತುವೆ ದಾಟಬಹುದೋ ಇಲ್ಲವೋ ಎಂದು ಹೇಳುವುದಷ್ಟೇ ಆ ತಾಣದ ಕೆಲಸ. ತೆರೆದರೆ ಹಸಿರು ಅಕ್ಷರದಲ್ಲಿ 'ಬರ್ರಿ' ಎಂದು ಇರುತ್ತದೆ. ಸೇತುವೆ ಮುಳುಗಿದರೆ ಕೆಂಪು ಅಕ್ಷರದಲ್ಲಿ 'ಹೊಳಿ ಬಂದೈತಿ, ನಿಂದರ್ರಿ'. ಮತ್ತೇನೂ ಇಲ್ಲ. ವರ್ಷದ ಬಹುಪಾಲು ದಿನ ಆ ತಾಣ ಬಾಗಿಲಲ್ಲಿ ನಿಂತ ಮದುವೆಮನೆಯ ಯಜಮಾನನ ಹಾಗೆ 'ಬರ್ರಿ, ಬರ್ರಿ' ಎನ್ನುತ್ತಲೇ ಇರುತ್ತದೆ.

"ನೀರು ಬಂದದ್ದು ಹ್ಯಾಂಗ ಗೊತ್ತಾಗತೈತ್ರಿ? ಯಂತ್ರ ಗಿಂತ್ರ ಕೂಡಿಸ್ಯಾನೇನು?" ಎಂದು ಕೇಳಿದೆ.

"ಯಂತ್ರ ಯಾಕ್ರಿ? ಅವನ ಆಯಿ, ಅವರಪ್ಪನ ಅವ್ವ, ಮಾಳಿಗಿ ಹತ್ತಿ ನೋಡತಾಳ. ಆಕೀ ಕಣ್ಣು ಇನ್ನೂ ಚಲೋ ಅದಾವ."

ಈ ಮಾಂತೇಶನಿಗೆ ಗಜೇಂದ್ರಗಡದ ಒಂದು ಸಂಬಂಧ ಬಂದಿತ್ತು. ಹುಡುಗಿ ನೀಲಾ, ನರಗುಂದದಲ್ಲಿ ಬಸ್ ಕಂಡಕ್ಟರು. ಅವಳ ತಂದೆ ಈರಪ್ಪನವರದು ಗಜೇಂದ್ರಗಡದಲ್ಲಿ ಅರಿವೆ ಅಂಗಡಿ. ಹುಡುಗ ವೆಬ್‌ಸೈಟ್ ಮಾಡ್ಯಾನ ಎಂದು ಇವರು ಹೇಳಿ ಕಳಿಸಿದ್ದಕ್ಕೆ ಈರಪ್ಪನವರು ತಮ್ಮ ಫೋನಿನಲ್ಲಿ ಹುಡುಕಿದ್ದಾರೆ. ಗಜೇಂದ್ರಗಡ ಎಂದು ಹೊಡೆದರೆ ವಿಶ್ವಕೋಶದಲ್ಲಿ ಊರು ಬಂತು. ನರಗುಂದ ಎಂದರೆ ಕೋಟೆಯ ಸಮೇತ ಬಂತು. ಮಾಂತೇಶನ ತಾಣ ಬರಲಿಲ್ಲ. "ಅದರಾಗ ಇಲ್ಲ ಅಂದ್ರ ಇಲ್ಲಂತಲೇ. ಮೊದಲ ಅದರಾಗ ಬರಲಿ, ಆಮ್ಯಾಲ ಹುಡುಗಿ ಕೊಡೂ ಮಾತು" ಎಂದುಬಿಟ್ಟರು.

ಶೇಖಪ್ಪನವರು ಸುಮ್ಮನೆ ಕೂಡುವ ಗಿರಾಕಿ ಅಲ್ಲ. ಹುಡುಗನಿಗೂ ಹೇಳದೆ ತಾವೇ ಕೂತು ಲೇಖನ ಬರೆದರು. 'ಜಗತ್ಪ್ರಸಿದ್ಧ ಜಾಲತಾಣವಾದ ಇದು' ಎಂದು ಅದರ ಮೊದಲ ಸಾಲು. ವಿಶ್ವಕೋಶದಲ್ಲಿ 'ಜಗತ್ಪ್ರಸಿದ್ಧ' ಎನ್ನುವ ಪದ ಕಂಡ ಕೂಡಲೇ ನಮ್ಮವರ ಮೂಗು ಅರಳುತ್ತದೆ. ಕರಾವಳಿಯ ಸದಸ್ಯರೊಬ್ಬರು, ಅಲ್ಲಿ ಅವರ ಹೆಸರು ಕಡಲಹಕ್ಕಿ, ಬಂದು ಕೆಂಪು ಫಲಕ ಹಚ್ಚಿ ಹೋದರು. ಅದನ್ನು ಈರಪ್ಪನವರು ನೋಡಿಬಿಟ್ಟರು. ಲೇಖನ ಇಲ್ಲದಿದ್ದಾಗ ಹುಡುಗ ಬರೀ ಅನಾಮಧೇಯನಾಗಿದ್ದ. ಈಗ ಮನೆಗೆ ಜಪ್ತಿ ನೋಟೀಸು ಹಚ್ಚಿಸಿಕೊಂಡವನಾದ.

"ಮೂರನೇದವರು ಯಾರರ ಇದರ ಬಗ್ಗೆ ಬರದಾರೇನ್ರಿ? ಪೇಪರಿನಾಗ, ಪುಸ್ತಕದಾಗ?" ಎಂದು ಕೇಳಿದೆ.

"ಫ್ಲೆಕ್ಸ್ ಐತ್ರಿ. 'ಕೊಣ್ಣೂರಿನ ಹೆಮ್ಮೆ' ಅಂತ ಬಸ್ ಸ್ಟ್ಯಾಂಡಿನಾಗ ಕಟ್ಟೇತಿ. ಎಲ್ಲಾರೂ ನೋಡ್ಯಾರ."

"ಕಟ್ಟಿಸಿದವರು ಯಾರು?"

"ನಾವ ರೀ. ಮತ್ಯಾರ ಕಟ್ಟಸ್ತಾರ?"

ಕಾಯಿದೆಯನ್ನು ಆದಷ್ಟು ಬಿಡಿಸಿ ಹೇಳಿದೆ. ಸಂಬಂಧ ಇಲ್ಲದವರು ಮಾತಾಡಬೇಕು, ಚರ್ಚೆಯಲ್ಲಿ ಕಾರಣ ಕೊಡಬೇಕು ಎಂದೆ. ಶೇಖಪ್ಪನವರು ತಲೆಯಾಡಿಸಿದರು. "ಅಂದ್ರ ಮಂದಿ ಹೇಳಬೇಕು. ಅಷ್ಟ ಹೌದಲ್ರಿ?" ಎಂದು ಎದ್ದರು. ಕರದಂಟು ವಾಪಸು ಒಯ್ಯಿರಿ, ನಾನು ತೀರ್ಮಾನ ಹೇಳುವವಳು, ಮುಟ್ಟುವಂತಿಲ್ಲ ಎಂದು ಡಬ್ಬಿಯತ್ತ ಕೈ ಚಾಚಿದರೆ ಡಬ್ಬಿ ಅಲ್ಲಿರಲಿಲ್ಲ. ಒಳಗಿನಿಂದ ನನ್ನ ಗಂಡ, "ಭಾಳ ಚಲೋ ಐತಿ ಬಿಡು, ಗೋಡಂಬಿ ಕೈಬಿಚ್ಚಿ ಹಾಕ್ಯಾರ" ಎಂದರು. ದೊಡ್ಡವ್ವ ಪಾಸು ಮಾಡಿದ ಚಿನ್ನ.

ಎರಡು ದಿನ ಬಿಟ್ಟು ಚರ್ಚೆಯ ಪುಟ ತೆರೆದವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಕೊಣ್ಣೂರು, ಮೆಣಸಗಿ, ರೋಣ, ಸುತ್ತಿನ ಬಳಗವೆಲ್ಲ ಅಲ್ಲಿ ನೆರೆದಿತ್ತು. ಮೂರನೆಯವರು ಬೇಕು ಎಂದರೆ ಇವರು ಮೂರನೆಯ ತಲೆಮಾರಿನವರನ್ನೂ ಕರೆತಂದಿದ್ದರು. ತಪ್ಪು ಅವರದಲ್ಲ. ಹೆಣ್ಣು ಕೊಡುವ ಮಾತು ನಡೆದಾಗ ನಾಲ್ಕು ಮಂದಿ ಸೇರಿ ಕೇಳುತ್ತಾರೆ ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ತಾಣದ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ಎಲ್ಲರೂ ಬರೆದದ್ದು ಹುಡುಗನ ಬಗ್ಗೆ.

'ಉಳಿಸಿ. ಹುಡುಗ ಬೀಡಿ ಸಿಗರೇಟು ಮುಟ್ಟೂದಿಲ್ಲ. ಗುಟಕಾ ಅಂತೂ ಕನಸಿನ ಮಾತು.'

'ಉಳಿಸಿ. ಒಬ್ಬನೇ ಮಗ. ಹೊಳಿದಂಡಿ ಹೊಲ. ಹುಡುಗಿ ಹೊಲಕ್ಕ ಹೋಗೂ ತ್ರಾಸ ಇಲ್ಲ.'

'ಉಳಿಸಿ. ಅತ್ತಿ ಆಗಾಕಿ ಭಾಳ ಸಮಾಧಾನದಾಕಿ. ನಾ ಆಕಿ ನೆಗೆಣ್ಣಿ, ನನಗ ಗೊತ್ತೈತಿ.'

'ಉಳಿಸಿ ಅಂತ ಬರಿಯಾಕ ಹೇಳ್ಯಾರ, ಬರದೀನಿ.'

ಈ ಕೊನೆಯವರ ಪ್ರಾಮಾಣಿಕತೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಕಡಲಹಕ್ಕಿಯವರು ಮಾತ್ರ ಒಬ್ಬೊಬ್ಬರಿಗೂ ತಾಳ್ಮೆಯಿಂದ, 'ದಯವಿಟ್ಟು ಜಾಲತಾಣದ ಗಮನಾರ್ಹತೆಯ ಕುರಿತು ಮಾತ್ರ ಅಭಿಪ್ರಾಯ ತಿಳಿಸಿರಿ' ಎಂದು ಉತ್ತರಿಸುತ್ತ ಬಂದಿದ್ದರು. ಅದರ ಕೆಳಗೆ ಯಾರೋ ಕೇಳಿದ್ದರು: 'ನೀವು ಯಾರ ಪೈಕಿ? ಹುಡುಗಿ ಕಡೆಯವರೇನ್ರಿ?' ಮತ್ತೊಬ್ಬರು, 'ಇವರು ಬೇರೆ ಕಡೆ ಸಂಬಂಧ ತಂದಾರ, ಅದಕ್ಕ ಇದನ್ನ ಮುರಿಯಾಕ ಹತ್ಯಾರ' ಎಂದು ಗುಟ್ಟು ಒಡೆದಿದ್ದರು. ಅಲ್ಲಿಂದಾಚೆಗೆ ಕಡಲಹಕ್ಕಿ ಹಾರಿಹೋದದ್ದು ಮತ್ತೆ ಇಳಿದಿರಲಿಲ್ಲ.

ನಕ್ಕೆ, ನಿಜ. ಆದರೆ ನಗು ಇಳಿದ ಮೇಲೆ ಕಾಯಿದೆಯ ಪುಟ ತೆಗೆದು ನೋಡಿದೆ. ಕಾಯಿದೆ ಪ್ರಕಾರ ಲೇಖನ ನಿಲ್ಲುವುದಿಲ್ಲ. ನಾನು ಅಳಿಸಿದರೆ ಈರಪ್ಪನವರು ಸಂಬಂಧ ಮುರಿಯುತ್ತಾರೆ. ಮಿರ್ಚಿ ಗಾಡಿಯನ್ನು ಅಳಿಸಿದವರ ಕೈಯಲ್ಲಿ ಯಾರ ಮದುವೆಯೂ ಇರಲಿಲ್ಲ. ನನ್ನ ಕೈಯಲ್ಲಿತ್ತು. ಬೇಸರಕ್ಕೆ ಅಟ್ಟ ಹತ್ತಿದೆ, ಆಗಲೇ ಆ ತಂಬಿಗೆ ಸಿಕ್ಕಿದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ನೀರು ತುಂಬಿಸಿ ಬಾಯಿಗೆ ಒಂದು ಲೋಟ ಕವುಚಿದೆ. ಕೊಡುವುದು ತೊಗೊಳ್ಳುವುದು ಇಲ್ಲದ ಒಬ್ಬರಾದರೂ ಸಿಗುತ್ತಾರೇನೋ ನೋಡೋಣವೆಂದು ಕೊಣ್ಣೂರ ಮೇಲೆ ಹೋಗುವ ಬಸ್ಸು ಹತ್ತಿದೆ.

ಪಕ್ಕದಲ್ಲಿ ಗೋವಿನಜೋಳದ ಬೀಜದ ಚೀಲ ತೊಡೆಯ ಮೇಲೆ ಇಟ್ಟುಕೊಂಡ ಹಿರಿಯರೊಬ್ಬರು ಕೂತಿದ್ದರು. ದೊಡ್ಡವ್ವನ ಹಾಗೆ ಮಳೆ, ಬೆಳೆಯಿಂದ ಶುರು ಮಾಡಿ ಮೆಲ್ಲಗೆ ತಾಣದ ಮಾತು ತೆಗೆದೆ.

"ಬ್ರಿಜ್ ಮುಳಿಗೇತೋ ಇಲ್ಲೋ ನೋಡಾಕ ಫೋನ್ ಯಾಕ್ ಬೇಕ್ರಿ? ಬ್ರಿಜ್ಜಿಗೆ ಹ್ವಾದ್ರ ಕಾಣತೈತಿ" ಎಂದರು ಅವರು.

"ಹೋಗೂಕಿಂತ ಮೊದಲ ತಿಳೀಲಿ ಅಂತ್ರೀ ಯಜ್ಜಾ" ಎಂದು ಹಿಂದಿನಿಂದ ಒಂದು ದನಿ ಬಂತು. ಕಂಡಕ್ಟರು. ಖಾಕಿ ಅಂಗಿ, ಹೆಗಲಿಗೆ ಚೀಲ, ಎದೆಯ ಮೇಲೆ ಹೆಸರಿನ ಪಟ್ಟಿ: ನೀಲಾ. ನನ್ನ ಕಣ್ಣು ಪಟ್ಟಿಯ ಮೇಲೆ ನಿಂತದ್ದನ್ನು ಅವಳು ನೋಡಿದಳು. ಅವಳ ಕಣ್ಣು ನನ್ನ ತಂಬಿಗೆಯ ಮೇಲೆ ನಿಂತದ್ದನ್ನು ನಾನು ನೋಡಿದೆ.

"ನೀವು ಅಳಸೂ ಅಕ್ಕೋರಲ್ರಿ? ಶೇಖಪ್ಪ ಮಾವಾರು ಇದ ಬಸ್ಸಿನಾಗ ಬಂದಾಗ ಹೇಳಿದ್ರು. ತಂಬಿಗಿ ಹಿಡಕೊಂಡು ವಿಚಾರಣಿಗೆ ಹೊಂಟೀರಿ ಹೌದಲ್ಲ? ನಮ್ಮ ಅಮ್ಮನೂ ಹಿಂಗ ಹೋಗ್ತಿದ್ಲು."

ಸಿಕ್ಕಿಬಿದ್ದೆ. ದೊಡ್ಡವ್ವ ತನ್ನ ಜನ್ಮದಲ್ಲಿ ಒಮ್ಮೆಯೂ ಹೀಗೆ ಸಿಕ್ಕಿಬಿದ್ದಿರಲಿಲ್ಲ.

"ನಮ್ಮಪ್ಪ ಫೋನನ್ನ ಕೇಳಿದ. ಫೋನು ನಿಮ್ಮನ್ನ ಕೇಳ್ತು. ನೀವು ಊರನ್ನ ಕೇಳಾಕ ಹೊಂಟೀರಿ" ಎಂದಳು ನೀಲಾ. ದನಿಯಲ್ಲಿ ಸಿಟ್ಟಿರಲಿಲ್ಲ. ಟಿಕೆಟ್ ತೊಗೊಳ್ರಿ ಎನ್ನುವ ದನಿಯೇ. "ಕೊಡೂದು ನನ್ನ. ನನ್ನ ಯಾರರ ಕೇಳೀರೇನ್ರಿ?"

ಮೆಣಸಗಿಯ ಸಂಬಂಧ ಬಂದಾಗ ದೊಡ್ಡವ್ವ ಗಿರಣಿಯವನನ್ನು ಕೇಳಿದ್ದಳು, ಅಂಬಿಗರವನನ್ನು ಕೇಳಿದ್ದಳು, ಸಾಲಿ ಮಾಸ್ತರರನ್ನು ಕೇಳಿದ್ದಳು. ನಮ್ಮದೇ ಮನೆಯ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದೆ, ಅದು ಬೇರೆ. ಆದರೂ ಕೇಳಬೇಕಿತ್ತು. ಇಷ್ಟು ವರ್ಷವಾದರೂ ಆ ನೋವು ನನ್ನಲ್ಲಿ ಹಾಗೇ ಇದೆ ಎಂಬುದು ಆ ಬಸ್ಸಿನಲ್ಲಿ ನನಗೇ ಗೊತ್ತಾಯಿತು.

"ಈಗ ಕೇಳ್ತೀನಿ ನೋಡವಾ. ಹೇಳು" ಎಂದೆ.

"ತಡೀರಿ, ಹಿಂದಿನ ಸೀಟಿನವರಿಗೆ ಟಿಕೀಟ್ ಕೊಟ್ಟು ಬರ್ತೀನಿ."

ಬಂದಳು. ಕೂಗಿ ಕೂಗಿ ಗಂಟಲು ಒಣಗಿತ್ತೇನೋ, ನನ್ನ ತಂಬಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಕುಡಿದಳು. ನೀರಿಗೆ ಅಡ್ಡಿ ಇಲ್ಲ ಎಂದು ದೊಡ್ಡವ್ವನ ಕಾಯಿದೆಯೇ ಇದೆ.

"ಹ್ವಾದ ಮಳಿಗಾಲದಾಗ ಅಂವನ ಸೈಟು ನೋಡಿ ಬಸ್ ಬಿಟ್ವಿ. 'ಬರ್ರಿ' ಅಂತ ಹಸರ ಇತ್ತು. ಇಲ್ಲಿ ಬಂದ್ರ ಬ್ರಿಜ್ಜ ಇಲ್ಲ, ಬರೇ ನೀರು. ತುಂಬಿದ ಬಸ್ಸು, ಎಲ್ಲಾರೂ ನನಗ ಬೈದ್ರು. ನಾ ಸೈಟಿನಾಗಿನ ನಂಬರ್ ಹಚ್ಚಿ ಅಂವಗ ಬೈದೆ. ಬಾಯಿಗೆ ಬಂದಂಗ ಬೈದೇನ್ರಿ. ಅಂವ ಒಂದ ಮಾತು ತಿರಗಿ ಆಡಲಿಲ್ಲ. 'ಆಯಿಗೆ ಜ್ವರ ಬಂದಾವ, ಮಾಳಿಗಿ ಹತ್ತಿಲ್ಲ. ಆದ್ರ ನೋಡಬೇಕಾದಾವ ನಾನು. ತಪ್ಪು ನಂದ' ಅಂದ. ಆಮ್ಯಾಲ ಸೈಟ್ ತಗದ್ರ, 'ಮುಂಜಾನಿ ನಾ ಸುಳ್ಳ ಹೇಳೀನಿ, ಹೊಳಿ ಬಂದೈತಿ, ಕ್ಷಮಿಸ್ರಿ' ಅಂತ ದಪ್ಪ ಅಕ್ಷರದಾಗ ಬರದಿದ್ದ. ಸಂಜಿತನಕ ಹಾಂಗ ಇಟ್ಟಿದ್ದ. ಗಂಡಸರು ತಪ್ಪು ನಂದು ಅಂದದ್ದು ನಾ ಈ ಬಸ್ಸಿನಾಗ ಒಮ್ಮಿನೂ ಕೇಳಿಲ್ರಿ."

"ಹಂಗಾರ ಈ ಸಂಬಂಧ..."

"ನಾನ ತಂದದ್ದು ರೀ. ನಮ್ಮ ಮಾವಶಿ, ಅಮ್ಮನ ತಂಗಿ, ಆಕಿ ಕೈಲೆ ಕೇಳಸೀನಿ. ಅಪ್ಪಗ ಗೊತ್ತಿಲ್ಲ. ಅಂವಗೂ ಗೊತ್ತಿಲ್ಲ" ಎಂದು ನಕ್ಕಳು. "ಆ ಲೇಖನ ಮಾತ್ರ ಅಳಸ್ರಿ. 'ಜಗತ್ಪ್ರಸಿದ್ಧ' ಅಂತ! ಅಂವ ನೋಡಿದ್ರ ನಾಚಿ ಸಾಯ್ತಾನ."

"ಅಳಿಸಿದ್ರ ನಿಮ್ಮಪ್ಪ ಬಿಡೂದಿಲ್ಲಲ್ಲವಾ?"

"ಅದನ್ನ ನಾ ನೋಡ್ಕೋತೀನಿ. ನಿಮ್ಮ ಚರ್ಚಾದಾಗ ಯಾರ ಬೇಕಾದ್ರೂ ಬರಿಬಹುದಲ್ರಿ?"

ಬಸ್ಸು ಸೇತುವೆ ಮೇಲೆ ಬಂದಿತ್ತು. ಕೆಳಗೆ ಹೊಳೆ ಕೆಂಪಗೆ, ಸಾವಕಾಶ ಹರಿಯುತ್ತಿತ್ತು. ನಾನು ತಾಣ ತೆರೆದು ನೋಡಿದೆ. 'ಬರ್ರಿ' ಎಂದಿತ್ತು. ಖರೇ ಹೇಳಿತ್ತು.

ಅವತ್ತು ಸಂಜೆ ಚರ್ಚೆಯ ಪುಟದಲ್ಲಿ, ನೆಗೆಣ್ಣಿಯ ಪ್ರಮಾಣಪತ್ರದ ಕೆಳಗೆ ಹೊಸದೊಂದು ಅಭಿಪ್ರಾಯ ಬಂದಿತ್ತು. ಎಷ್ಟು ಚಂದ ಇತ್ತೆಂದರೆ ಇಲ್ಲಿ ಹಾಗೇ ಇಳಿಸುತ್ತೇನೆ: 'ಲೇಖನವನ್ನು ಅಳಿಸಿ. ಅದರಲ್ಲಿ ಬರೆದದ್ದು ಸುಳ್ಳು. ಹುಡುಗನನ್ನು ಉಳಿಸಿ. ಅವನು ಸುಳ್ಳು ಹೇಳಿದರೆ ತಾನೇ ಒಪ್ಪಿಕೊಳ್ಳುತ್ತಾನೆ. ನನಗೆ ಒಪ್ಪಿಗೆ ಇದೆ. ಇಂತಿ, ನೀಲಾ, ಈರಪ್ಪನವರ ಮಗಳು, ಗಜೇಂದ್ರಗಡ.'

ನಿಯಮದ ಪ್ರಕಾರ ಅವಳ ಮತ ಲೆಕ್ಕಕ್ಕಿಲ್ಲ. ಅವಳಿಗಿಂತ ಹತ್ತಿರದ ಸಂಬಂಧಿ ಇನ್ನಾರು? ಆದರೆ ಕಡಲಹಕ್ಕಿಯವರನ್ನು ಬಿಟ್ಟರೆ ಇಡೀ ಪುಟದಲ್ಲಿ ಲೇಖನದ ಬಗ್ಗೆ ಸರಿಯಾದ ಕಾರಣ ಕೊಟ್ಟವಳು ಅವಳೊಬ್ಬಳೇ. 'ಚರ್ಚೆ ಮುಗಿದಿದೆ. ಲೇಖನವನ್ನು ಅಳಿಸಲಾಗಿದೆ. ಉಳಿದ ವಿಷಯ ವಿಶ್ವಕೋಶದ ವ್ಯಾಪ್ತಿಗೆ ಬರುವುದಿಲ್ಲ' ಎಂದು ಬರೆದು ಮುಚ್ಚಿದೆ.

ಮರುದಿನ ಊಟಕ್ಕೆ ಕೂತಾಗ ಫೋನು ಬಂತು.

"ಅಕ್ಕೋರ, ನಾ ಗಜೇಂದ್ರಗಡದಿಂದ ಈರಪ್ಪ ಮಾತಾಡಾಕತ್ತೀನ್ರಿ. ನನ್ನ ಮಗಳು ಅದೇನೋ ಬರದಾಳಲ್ರಿ, ಅದನ್ನ ಯಾರ್ ಯಾರು ಓದಬಹುದ್ರಿ?"

"ಓದಬೇಕು ಅಂದವರೆಲ್ಲಾ ಓದಬಹುದ್ರಿ."

"ನಮ್ಮ ಓಣಿಯವರು?"

"ಓದಬಹುದು."

"ಬೀಗರು ಬಿಜ್ಜರು?"

"ಅವರು ಆಗಲೇ ಓದಿರ್ತಾರ. ಎಲ್ಲಾರೂ ಅದ ಪುಟದಾಗ ಅದಾರ."

ಆ ಕಡೆ ಅಂಗಡಿಯಲ್ಲಿ ಯಾರೋ ಪರ್ರನೆ ಅರಿವೆ ಹರಿದ ಸದ್ದು ಕೇಳಿಸಿತು. ಈರಪ್ಪನವರು ದನಿ ತಗ್ಗಿಸಿದರು. "ನೀವು ಅಳಸಾವ್ರಂತಲ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನೂ ಒಂದೀಟು ಅಳಿಸಿಬಿಡ್ರಿ."

"ಲೇಖನ ಅಳಸ್ತೀವ್ರಿ. ಚರ್ಚೆ ಅಳಸೂದಿಲ್ಲ. ಅದು ಕಾಯಂ."

"ಕಾಯಂ ಅಂದ್ರ?"

"ನಾವು ನೀವು ಹ್ವಾದ ಮ್ಯಾಲೂ ಇರತೈತ್ರಿ. ನಿಮ್ಮ ಮೊಮ್ಮಕ್ಕಳೂ ಓದಬಹುದು."

ಈರಪ್ಪನವರು ಅಂಗಡಿಯ ಆಳಿಗೆ 'ಹರಿಯೂದು ತಡಿಯಪಾ' ಎಂದು ಕೂಗಿ, ಮತ್ತೆ ಫೋನಿಗೆ ಬಂದರು:

"ಹಂಗಾರ ಮದವಿ ಮಾಡಿಬಿಡೂದ ಚಲೋ ರೀ."